ನಾಲ್ಕು ಗಂಟೆಗೆ ನಿಂತ ಬೀದಿ

ನಿವೃತ್ತಿಯಾದ ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಎರಡು ಬಗೆ. ಕೆಲವು ಮಂಡಿಗೆ ಬರುತ್ತವೆ, ಅವಕ್ಕೆ ಎಣ್ಣೆಯಿದೆ. ಕೆಲವು ನಾಲಿಗೆಗೆ ಬರುತ್ತವೆ, ಅವಕ್ಕೆ ಔಷಧವಿಲ್ಲ. ನಮ್ಮ ಟೈಂಕೀಪರರಿಗೆ ಬಂದದ್ದು ಎರಡನೆಯ ಬಗೆಯದು. ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಹೆಂಡತಿಯ ತಮ್ಮನ ಎದುರಿಗೆ.

ಮೂವತ್ತೊಂದು ವರ್ಷ ಅವರು ಬಸ್ ಡಿಪೋದ ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತೆಂದು ದಪ್ಪ ರಿಜಿಸ್ಟರಿನಲ್ಲಿ ಬರೆದು ಸೀಟಿ ಊದಿದವರು. ಲಕ್ಷಾಂತರ ಬಸ್ಸುಗಳನ್ನು ಹೊರಡಿಸಿದ್ದರು. ತಾವು ಹೊರಟದ್ದು ಒಂದೇ ಸಲ, ನಿವೃತ್ತಿಯ ದಿನ, ಅದೂ ಮನೆಗೆ. ಆಮೇಲೆ ಬೀದಿಯವರು ಅವರ ಹೆಸರನ್ನು ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಟೈಂ ಮಾತ್ರ ಅವರ ಕೈಬಿಟ್ಟಿತ್ತು.

ಹೆಂಡತಿಯ ತಮ್ಮ ಸಾಮಾನ್ಯನಲ್ಲ. ನೀರಿನ ಫಿಲ್ಟರು ಮಾರುವ ಕಂಪನಿಯಲ್ಲಿ ಮೇಲ್ವಿಚಾರಕ. ಊರಿನ ಪ್ರತಿ ಕಚೇರಿಯಲ್ಲೂ ಅವನಿಗೆ ಗೊತ್ತಿರುವವರಿದ್ದರು. ಅವನ ಫಿಲ್ಟರು ಕೆಟ್ಟು ನಿಂತ ಕಚೇರಿಗಳಲ್ಲಿ ಇನ್ನೂ ಚೆನ್ನಾಗಿ ಗೊತ್ತಿದ್ದರು.

"ಭಾವ, ಈಗ ದಿನಾ ಏನು ಮಾಡ್ತೀರಿ?" ಎಂದು ಅವನು ಹಲ್ಲುಕಡ್ಡಿ ಹುಡುಕುತ್ತ ಕೇಳಿದ.

ಕಿಟಕಿಯಲ್ಲಿ ನಿಂತು ದೂರದ ರಸ್ತೆಯ ಬಸ್ಸುಗಳನ್ನು ನೋಡುತ್ತೇನೆ, ಒಂಬತ್ತೂವರೆಯದು ದಿನಾ ಆರು ನಿಮಿಷ ತಡ, ಎಂಬುದು ಸತ್ಯವಾದ ಉತ್ತರ. ಆದರೆ ಭಾವಮೈದುನನಿಗೆ ಸತ್ಯವಾದ ಉತ್ತರ ಕೊಟ್ಟವರು ಲೋಕದಲ್ಲಿ ಯಾರಿದ್ದಾರೆ?

"ಚಿತ್ರ ಬರೀತೀನಿ," ಎಂದರು ಟೈಂಕೀಪರರು. "ಹೊರಗಡೆ ಕೂತು. ಬೀದಿ, ಅಂಗಡಿ, ಜನ. ನೀರಿನ ಬಣ್ಣದಲ್ಲಿ." ಭಾವಮೈದುನನ ಹುಬ್ಬು ಇನ್ನೂ ಏಳಲಿಲ್ಲವೆಂದು ಕಂಡು, "ಸಮಕಾಲೀನ ಕಲೆ ಅಂತಾರೆ ಅದಕ್ಕೆ," ಎಂದು ಸೇರಿಸಿದರು. ಹುಬ್ಬು ಎದ್ದಿತು.

ಪೂರ್ತಿ ಸುಳ್ಳೇನಲ್ಲ. ವಾಚನಾಲಯದ ಮೇಲಿನ ಹಾಲಿನಲ್ಲಿ ಒಬ್ಬ ಡ್ರಾಯಿಂಗ್ ಟೀಚರು ಭಾನುವಾರ ಬೆಳಿಗ್ಗೆ ಪಾಠ ಹೇಳುತ್ತಿದ್ದರು. ಇವರು ಐದು ವಾರ ಹೋಗಿದ್ದರು. ನಾಲ್ಕು ವಾರ ಸೇಬು ಬರೆದಿದ್ದರು, ಐದನೆಯ ವಾರ ಬಾಟಲಿ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು, ತುಟಿಯ ನಡುವೆ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಸೇಬು ಬಿಟ್ಟು ಬೀದಿಗೆ ಬಂದ್ರಾ? ನಂಗೆ ಹೇಳ್ಲೇ ಇಲ್ವಲ್ಲ ರೀ," ಎಂದಳು. ಆ ದನಿಯಲ್ಲಿ ದೂರಿರಲಿಲ್ಲ, ಖುಷಿಯಿತ್ತು. ದೂರಿದ್ದಿದ್ದರೆ ಟೈಂಕೀಪರರು ಅಲ್ಲೇ ಬಚಾವಾಗುತ್ತಿದ್ದರು.

ಎರಡೇ ದಿನದಲ್ಲಿ ಅವಳು ಎಲ್ಲಿಂದಲೋ ಒಂದು ಹಾಳೆ ತಂದಳು. ದಿಂಬಿನಷ್ಟು ಅಗಲ, ಹತ್ತಿಯಿಂದ ಮಾಡಿದ್ದು, ಮುಟ್ಟಿದರೆ ಹಸುಗೂಸಿನ ಕೆನ್ನೆ. ಒಂದೇ ಹಾಳೆ. ಅದಕ್ಕೊಂದು ಹಲಗೆ, ಹಲಗೆಗೊಂದು ಹೊದಿಕೆ, ಕುಂಚಗಳಿಗೆ ಹನ್ನೆರಡು ಜೇಬಿನ ಚೀಲ ಹೊಲಿದು ಕೊಟ್ಟಳು. ಟೈಂಕೀಪರರ ಬಳಿ ಇದ್ದದ್ದು ಮೂರು ಕುಂಚ. ಉಳಿದ ಒಂಬತ್ತು ಜೇಬುಗಳು ಬಾಯಿ ತೆರೆದು ಅವರನ್ನೇ ನೋಡುತ್ತಿದ್ದವು.

ಇನ್ನು ಹೊರಡದೆ ವಿಧಿಯಿರಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಅವರು ಸಲೂನಿನ ಎದುರು, ಮುಚ್ಚಿದ ಗೋದಾಮಿನ ಗೋಡೆಗೆ ಬೆನ್ನು ಕೊಟ್ಟು ಮಡಿಸುವ ಸ್ಟೂಲಿನ ಮೇಲೆ ಕೂತರು. ಬೆನ್ನಿಗೆ ಗೋಡೆ ಇರಲಿ, ಇಲ್ಲದಿದ್ದರೆ ಹೆಗಲ ಮೇಲೆ ಉಪದೇಶಕರು ಹುಟ್ಟುತ್ತಾರೆ ಎಂದು ಟೀಚರು ಹೇಳಿದ್ದರು. ಇನ್ನೊಂದು ಮಾತೂ ಹೇಳಿದ್ದರು: ನೀರಿನ ಬಣ್ಣದಲ್ಲಿ ಒಮ್ಮೆ ಹಾಕಿದ್ದನ್ನು ಮತ್ತೆ ಮುಟ್ಟಬಾರದು, ತಿದ್ದಲು ಹೋದರೆ ಕೆಸರು.

ಎದುರಿಗೆ ಬೀದಿ ಚೆನ್ನಾಗಿಯೇ ಇತ್ತು. ಸಲೂನಿನ ಕನ್ನಡಿಯಲ್ಲಿ ಬಿಸಿಲು. ಪಕ್ಕದಲ್ಲಿ ತರಕಾರಿ ಗಾಡಿ, ಅದರ ಮೇಲೆ ಮೂರು ಕುಂಬಳಕಾಯಿ. ಒಂದನೇ ಮಹಡಿಯ ಬಾಲ್ಕನಿಯಲ್ಲಿ ನಿವೃತ್ತ ಹೆಡ್‌ಮಾಸ್ಟರು ಪೇಪರು ಹಿಡಿದು ಕೂತಿದ್ದರು. ಮೂರನೇ ಮಹಡಿಯ ತಂತಿಯ ಮೇಲೆ ಒಂದು ಕೆಂಪು ಕಂಬಳಿ. ಸಲೂನಿನ ಮುಂದೆ, ಆರು ವರ್ಷದಿಂದ ಬೀದಿಯ ಖಾಯಂ ನಿವಾಸಿಯಾದ ಗುಂಡಿ, ಗುಂಡಿಯ ನೀರಿನಲ್ಲಿ ಆ ಕೆಂಪು ಕಂಬಳಿಯ ನೆರಳು.

ಟೈಂಕೀಪರರು ಕುಂಚವನ್ನು ಬಣ್ಣದಲ್ಲಿ ಅದ್ದಿದರು. ಹಾಳೆಯನ್ನು ನೋಡಿದರು. ಹಾಳೆ ಅವರನ್ನು ನೋಡಿತು. ರಿಜಿಸ್ಟರಿನಲ್ಲಿ ತಪ್ಪಾದರೆ ಅಡ್ಡಗೀಟೆಳೆದು ಪಕ್ಕದಲ್ಲಿ ಸಹಿ ಹಾಕಬಹುದಿತ್ತು. ಇಲ್ಲಿ ಸಹಿ ಹಾಕಿ ತಪ್ಪಿಸಿಕೊಳ್ಳುವ ಸೌಲಭ್ಯವಿರಲಿಲ್ಲ. ಕುಂಚವನ್ನು ತೊಳೆದರು. ಮೊದಲು ಬರೀ ನೀರಿನಲ್ಲಿ ಅಭ್ಯಾಸ ಮಾಡೋಣ, ಕೈ ಕೂತ ಮೇಲೆ ಬಣ್ಣ ಎಂದುಕೊಂಡು, ಶುದ್ಧ ನೀರಿನಲ್ಲಿ ಸಲೂನು ಬರೆದರು, ಗಾಡಿ ಬರೆದರು, ಕಂಬಳಿಯನ್ನೂ ಬರೆದರು. ಬಹಳ ಸೊಗಸಾಗಿ ಬಂತು. ಹತ್ತು ನಿಮಿಷದಲ್ಲಿ ಒಣಗಿಹೋಯಿತು.

ಅಷ್ಟರಲ್ಲಿ ಸಲೂನಿನವನು ಕತ್ತರಿ ಸಮೇತ ಹೊರಗೆ ಬಂದ. ಗಿರಾಕಿಯೊಬ್ಬ ಒಳಗೆ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಾಯುತ್ತಿದ್ದ.

"ಅಣ್ಣಾ, ನಮ್ಮ ಅಂಗಡಿ ಬರ್ತಿದ್ಯಾ?"

ಟೈಂಕೀಪರರು ಹಲಗೆಯನ್ನು ಎದೆಗೆ ಅವಚಿಕೊಂಡರು. "ಬರ್ತಿದೆ, ಬರ್ತಿದೆ. ಆದ್ರೆ ಈ ಕೆಲಸ ಒಂದು ದಿನದ್ದಲ್ಲ. ಆ ಕೆಂಪು ಕಂಬಳಿ ನೋಡು, ಅದೇ ಇದರ ಪ್ರಾಣ. ಗುಂಡೀಲಿ ಅದರ ನೆರಳು ನೋಡು. ಎಲ್ಲಾ ಹೀಗೇ ಇದ್ದುಬಿಟ್ರೆ ಬರೆಯೋನಿಗೆ ಇನ್ನೇನು ಬೇಕು?"

ಅವನನ್ನು ಸಾಗಹಾಕಲು ಆಡಿದ ಮಾತು ಅದು. ಆದರೆ ಆ ಬೀದಿಯಲ್ಲಿ ಸಲೂನಿನವನಿಗೆ ಹೇಳಿದ ಮಾತಿಗೂ ಡಂಗುರಕ್ಕೂ ಇದ್ದ ವ್ಯತ್ಯಾಸವೆಂದರೆ, ಡಂಗುರದವನು ನಡುವೆ ಉಸಿರು ತೆಗೆದುಕೊಳ್ಳುತ್ತಾನೆ.

ಮರುದಿನ ನಾಲ್ಕು ಗಂಟೆಗೆ ಟೈಂಕೀಪರರು ಬಂದಾಗ ಬೀದಿ ತಯಾರಾಗಿತ್ತು. ಗಾಡಿ ನಿನ್ನೆಯ ಜಾಗದಲ್ಲೇ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಂತೆ. ಕುಂಬಳಕಾಯಿ ಮೂರೂ ಅದೇ ಓರೆಯಲ್ಲಿ. ಕಂಬಳಿ ತಂತಿಯ ಮೇಲೆ. ಹೆಡ್‌ಮಾಸ್ಟರು ಅದೇ ಸ್ವೆಟರಿನಲ್ಲಿ, ಅದೇ ಪೇಪರಿನ ಅದೇ ಪುಟ ಹಿಡಿದು ಎದೆಯುಬ್ಬಿಸಿ ಕೂತಿದ್ದರು. ಸಲೂನಿನ ಕುರ್ಚಿಯಲ್ಲಿ ನಿನ್ನೆಯ ಗಿರಾಕಿಯೇ ಮುಖದ ತುಂಬ ನೊರೆ ಹೊತ್ತು ಕೂತಿದ್ದ. ಅವನೊಬ್ಬ ವಿಮೆ ಮಾಡಿಸುವ ಏಜೆಂಟು. ಒಂದು ಚಿತ್ರದಲ್ಲಿ ಶಾಶ್ವತವಾಗಿ ಇರುವುದು ತನ್ನ ವೃತ್ತಿಗೆ ಒಳ್ಳೆಯದೆಂದು ಒಪ್ಪಿಕೊಂಡನಂತೆ.

"ಶುರು ಮಾಡ್ಕೊಳ್ಳಿ ಅಣ್ಣಾ!" ಎಂದು ಸಲೂನಿನವನು ಕೂಗಿದ. "ಒಬ್ರೂ ಅಲ್ಲಾಡಲ್ಲ!"

ಇಷ್ಟು ಗೌರವಕ್ಕೆ ಪಾತ್ರನಾದ ಮನುಷ್ಯ ತಪ್ಪು ಬರೆಯಲು ಸಾಧ್ಯವೇ? ಕುಂಚ ಮತ್ತೆ ನೀರಿಗೇ ಹೋಯಿತು. ಅವತ್ತೂ ನೀರಿನ ಸಲೂನು, ನೀರಿನ ಗಾಡಿ. ಮೂರನೇ ದಿನವೂ. ನೀರಿನಲ್ಲಿ ಹೋಮ ಮಾಡುವುದೆಂಬ ಮಾತನ್ನು ಹಿರಿಯರು ಸುಮ್ಮನೆ ಕಟ್ಟಿಲ್ಲ. ದೂರದಿಂದ ನೋಡುವವರಿಗೆ ಕುಂಚ ಆಡುತ್ತಿತ್ತು, ಕಲಾವಿದರ ಹುಬ್ಬು ಗಂಟಿಕ್ಕಿತ್ತು, ನಡುವೆ ಒಮ್ಮೆ ಅವರು ಕುಂಚವನ್ನು ಚಹಾದ ಲೋಟದಲ್ಲಿ ಅದ್ದಿ, ಕುಂಚ ತೊಳೆದ ನೀರನ್ನು ಕುಡಿದದ್ದೂ ಏಕಾಗ್ರತೆಯೆಂದೇ ಲೆಕ್ಕಕ್ಕೆ ಬಂತು.

ವಾರ ಕಳೆಯುವ ಹೊತ್ತಿಗೆ ಬೀದಿಯ ನಡವಳಿಕೆಯೇ ಬೇರೆಯಾಗಿತ್ತು.

"ಕುಂಬಳಕಾಯಿ ಎಷ್ಟಮ್ಮ?" ಎಂದು ಹೊಸಬರು ಯಾರಾದರೂ ಕೇಳಿದರೆ ಗಾಡಿಯಾಕೆ ಕೈ ಅಡ್ಡ ಹಿಡಿಯುತ್ತಿದ್ದಳು. "ಅದು ಮಾರೋಕಲ್ಲ. ಚಿತ್ರದಲ್ಲಿದೆ. ಟೊಮೇಟೊ ಬೇಕಾದ್ರೆ ತಗೊಳ್ಳಿ."

"ಒಂದೇ ಪೇಪರು ಓದ್ತಿದ್ದೀನಿ ಕಣ್ರೀ," ಎಂದು ಹೆಡ್‌ಮಾಸ್ಟರು ಬಾಲ್ಕನಿಯಿಂದಲೇ, ತುಟಿ ಅಲ್ಲಾಡಿಸದೆ, ಮೂಗಿನಿಂದ ಮಾತಾಡುತ್ತಿದ್ದರು. "ಬಾಡಿಗೆಗಿದೆ ಜಾಹೀರಾತು ಸಮೇತ ಬಾಯಿಪಾಠ. ಆ ಮನೆಗಳೆಲ್ಲ ಇಷ್ಟೊತ್ತಿಗೆ ಬಾಡಿಗೆಗೆ ಹೋಗಿರ್ತವೆ. ಪರವಾಗಿಲ್ಲ, ನೀವು ನಿಧಾನವಾಗಿ ಬರೀರಿ."

ಟೈಂಕೀಪರರ ಹೆಂಡತಿಗಂತೂ ಬಟ್ಟೆ ಹೊಲಿಸಲು ಬಂದವರ ಅಳತೆ ತೆಗೆಯುವುದಕ್ಕಿಂತ ಗಂಡನ ವಿಷಯ ಹೇಳುವುದೇ ಹೆಚ್ಚಾಗಿತ್ತು. "ನಾನಿನ್ನೂ ನೋಡಿಲ್ಲಪ್ಪ," ಎನ್ನುತ್ತಿದ್ದಳು ಟೇಪನ್ನು ಕೊರಳಿಗೆ ಹಾಕಿಕೊಂಡು. "ಪೂರ್ತಿ ಆಗೋವರೆಗೆ ನೋಡಬಾರ್ದಂತೆ. ನಾನೇ ಹೊಲಿದ ಹೊದಿಕೆ, ನಾನೇ ಎತ್ತಿ ನೋಡಲ್ಲ. ಅಷ್ಟು ನಂಬಿಕೆ ಬೇಡ್ವಾ?"

ಒಳಗೆ ತಟ್ಟೆಯ ಮುಂದೆ ಕೂತಿದ್ದ ಟೈಂಕೀಪರರಿಗೆ ಇದೆಲ್ಲ ಕೇಳಿಸುತ್ತಿತ್ತು. ಅವರು ಹೇಳಿಬಿಡಬೇಕೆಂದು ಬಾಯಿ ತೆರೆದದ್ದು ಮೂರು ಸಲ. ಮೊದಲ ಸಲ ಅವಳು ಇನ್ನಷ್ಟು ಸಾರು ಬಡಿಸಿದಳು. ಎರಡನೆಯ ಸಲವೂ ಬಡಿಸಿದಳು. ಮೂರನೆಯ ಸಲ ಅವರೇ ಲೋಟ ಎತ್ತಿ ನೀರು ಕುಡಿದರು.

ಹೀಗಿರುವಾಗ, ಒಂಬತ್ತನೆಯ ದಿನ, ಆರು ವರ್ಷದಲ್ಲಿ ಒಮ್ಮೆಯೂ ನಡೆಯದ ಘಟನೆಯೊಂದು ನಡೆಯಿತು. ನಗರಸಭೆಯವರು ಗುಂಡಿ ಮುಚ್ಚಲು ಬಂದರು.

ಟಾರಿನ ಡ್ರಮ್ಮು, ಜಲ್ಲಿ, ಕೈರೋಲರು, ನಾಲ್ಕು ಜನ ಕೆಲಸದವರು, ಕೈಯಲ್ಲಿ ಫೈಲು ಹಿಡಿದ ಒಬ್ಬ ಇಂಜಿನಿಯರು. ಸಲೂನಿನವನು ಓಡಿ ಬಂದು ಗುಂಡಿಯ ಮುಂದೆ ನಿಂತ, ಎರಡೂ ಕೈ ಚಾಚಿ.

"ಮುಚ್ಚೋ ಹಾಗಿಲ್ಲ ಸಾರ್."

ಇಂಜಿನಿಯರು ಫೈಲು ಬಿಚ್ಚಿದ. "ಏನ್ರೀ ಇದು? ಗುಂಡಿ ಮುಚ್ಚಿ, ಗುಂಡಿ ಮುಚ್ಚಿ ಅಂತ ಇಪ್ಪತ್ತೇಳು ಅರ್ಜಿ ಹಾಕಿದ್ದೀರಿ. ನಿಮ್ಮ ಸಹೀನೂ ಇದೆ."

"ಹಾಕಿದ್ದು ನಿಜ. ಆಗ ಅದು ಬರೀ ಗುಂಡಿ."

"ಈಗ?"

"ಈಗ ಚಿತ್ರದಲ್ಲಿದೆ."

ಇಂಜಿನಿಯರು ಕೆಲಸದವರ ಮುಖ ನೋಡಿದ. ಕೆಲಸದವರು ಟಾರಿನ ಮುಖ ನೋಡಿದರು. ಆ ಇಪ್ಪತ್ತೇಳು ಅರ್ಜಿಗಳನ್ನೂ ಬರೆದವರು ಹೆಡ್‌ಮಾಸ್ಟರೇ. ಅವರು ಬಾಲ್ಕನಿಯಿಂದ, ಕೂತ ಭಂಗಿ ಕೆಡದಂತೆ ಮೆಲ್ಲನೆ ಪೆನ್ನು ತೆಗೆದು, ಇಪ್ಪತ್ತೆಂಟನೆಯದನ್ನು ಬರೆದು ಕೆಳಗೆ ಬಿಟ್ಟರು. 'ವಿಷಯ: ಸಲೂನಿನ ಮುಂದಿನ ಗುಂಡಿಯನ್ನು ತಾತ್ಕಾಲಿಕವಾಗಿ ಮುಂದುವರಿಸುವ ಬಗ್ಗೆ.'

ಗೋಡೆಗೆ ಒರಗಿ ಕೂತಿದ್ದ ಟೈಂಕೀಪರರಿಗೆ ಗೋಡೆಯೊಳಗೇ ಸೇರಿಹೋಗೋಣವೆನ್ನಿಸಿತು. ಎದ್ದು ಹೋಗಿ, "ಮುಚ್ಚಲಿ ಬಿಡ್ರಪ್ಪ," ಎಂದರು. "ನನ್ನಿಂದ ತೊಂದರೆ ಬೇಡ."

"ನೋಡಿ ಸಾರ್, ನೋಡಿ," ಎಂದ ಸಲೂನಿನವನು ಇಂಜಿನಿಯರಿಗೆ, ಕಣ್ಣು ಒದ್ದೆ ಮಾಡಿಕೊಂಡು. "ದೊಡ್ಡ ಕಲಾವಿದರ ಗುಣ ಅಂದ್ರೆ ಇದು."

ಯಾವ ಗಳಿಗೆಯಲ್ಲಿ ಬರಬಾರದೋ ಅದೇ ಗಳಿಗೆಯಲ್ಲಿ ಬರುವುದು ಭಾವಮೈದುನನ ಅಭ್ಯಾಸ. ಸ್ಕೂಟರು ನಿಲ್ಲಿಸಿ, ವಿಷಯ ತಿಳಿದು, ಇಂಜಿನಿಯರಿನ ಹೆಗಲ ಮೇಲೆ ಕೈ ಹಾಕಿದ. "ವಾರ್ಡ್ ಆಫೀಸರ್ ಮೇಡಂ ನಂಗೆ ಗೊತ್ತಿರೋರೇ. ಹೊಸ ಕಚೇರಿ ಗೋಡೆ ಖಾಲಿ ಇದೆ, ಒಂದು ಚಿತ್ರ ಬೇಕು ಅಂತಿದ್ರು. ನಮ್ಮ ಭಾವಂದೇ ಹಾಕೋಣ. ಶನಿವಾರ ನಾಲ್ಕು ಗಂಟೆಗೆ ಮೇಡಂನ ಕರ್ಕೊಂಡು ಬರ್ತೀನಿ. ಚಿತ್ರ ನೋಡ್ತಾರೆ, ಆಮೇಲೆ ನೀವು ಗುಂಡಿ ಮುಚ್ಚಿ. ಏನಂತೀರಿ?" ಹೀಗೆ ಹೇಳಿ, ಎಲ್ಲರಿಗೂ ಕಾಣುವಂತೆ ಒಂದು ಹೆಜ್ಜೆ ಹಿಂದಿಟ್ಟು, ಗುಂಡಿಯೊಳಗೆ ಮಂಡಿಯವರೆಗೆ ಇಳಿದ.

"ನೆರಳು ಕದಡಿದ್ರಿ!" ಎಂದು ಗಾಡಿಯಾಕೆ ಬೈದಳು.

ಇಂಜಿನಿಯರು ಫೈಲಿನಲ್ಲಿ, 'ಗುಂಡಿಯು ಕಲಾಕೃತಿಯ ಭಾಗವಾಗಿರುವುದರಿಂದ ಶನಿವಾರದವರೆಗೆ ಮುಂದೂಡಲಾಗಿದೆ' ಎಂದು ಬರೆದುಕೊಂಡು ಹೋದ.

ಅವತ್ತು ಟೈಂಕೀಪರರು ಮೊದಲ ಸಲ ಕೆಮ್ಮು ಕೇಳಿದರು.

ಮೂರನೇ ಮಹಡಿಯಿಂದ ಬಂದ ಕೆಮ್ಮು. ಅಲ್ಲಿರುವಾಕೆ ಬೇಕರಿಯೊಂದರಲ್ಲಿ ಬೆಳಗಿನ ಜಾವದ ಪಾಳಿಯವಳು. ಬೀದಿ ಏಳುವ ಮೊದಲೇ ಹೋಗಿ, ಮಧ್ಯಾಹ್ನ ಬಂದು, ಸಂಜೆಗೇ ಮಲಗುವವಳು. ಒಂಟಿ ಹೆಂಗಸು. ಅವಳ ದನಿ ಹೇಗಿದೆಯೆಂದು ಬೀದಿಯಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಈ ವಾರ ಗಾಳಿ ತಣ್ಣಗಾಗಿತ್ತು. ಕಂಬಳಿಯೋ, ಒಂಬತ್ತು ದಿನದಿಂದ ತಂತಿಯ ಮೇಲೆ.

"ಆಕೆಗೆ ಕಂಬಳಿ ಒಳಗೆ ತಗೊಳ್ಳೋಕೆ ಹೇಳಪ್ಪ," ಎಂದು ಟೈಂಕೀಪರರು ಸಲೂನಿನವನನ್ನು ಅಂಗಲಾಚಿದರು. "ಸಂಜೆ ತಗೊಂಡು, ನಾಳೆ ಮತ್ತೆ ಹಾಕಿದ್ರಾಯ್ತು."

"ಮಡಿಕೆ ಬದಲಾಗಲ್ವಾ ಅಣ್ಣಾ? ಅದೇ ಪ್ರಾಣ ಅಂದೋರು ನೀವೇ. ನಾನು ಮೊದಲ ದಿನವೇ ಕೂಗಿ ಹೇಳಿದ್ದೀನಿ, ಒಂದು ಎಳೆ ಅಲ್ಲಾಡಬಾರ್ದು ಅಂತ. ಈಗ ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡಬೇಕಾಗತ್ತೆ. ಆ ಏಜೆಂಟು ತಕ್ಷಣ ಮುಖ ತೊಳ್ಕೊಂಡು ಓಡ್ತಾನೆ."

ಶುಕ್ರವಾರ ಟೈಂಕೀಪರರು ಗಟ್ಟಿ ಮನಸ್ಸು ಮಾಡಿ ಕುಂಚಕ್ಕೆ ನಿಜವಾದ ಕೆಂಪು ಹತ್ತಿಸಿದರು. ಹಾಳೆಯಿಂದ ಒಂದು ಬೆರಳಿನಷ್ಟು ದೂರಕ್ಕೆ ತಂದರು. ಮೇಲಿನಿಂದ ಕೆಮ್ಮು ಬಂತು. ಕೈ ಹಿಂದಕ್ಕೆ ಬಂತು. ಇಷ್ಟು ಜನ ಇಷ್ಟು ಕಷ್ಟಪಟ್ಟ ಮೇಲೆ ಬರೆದದ್ದು ಕೆಟ್ಟರೆ? ಅಷ್ಟೂ ಕೆಮ್ಮಿಗೆ ತಕ್ಕ ಚಿತ್ರ ತನ್ನ ಕೈಯಲ್ಲಿ ಎಲ್ಲಿಂದ ಬರಬೇಕು?

ಶನಿವಾರ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಬೀದಿ ನಿಂತಿತು. ಅಷ್ಟು ಸರಿಯಾದ ಸಮಯಕ್ಕೆ ಮೂವತ್ತೊಂದು ವರ್ಷದಲ್ಲಿ ಒಂದು ಬಸ್ಸೂ ಹೊರಟದ್ದಿಲ್ಲ. ಟಾರಿನವರು ಮೂಲೆಯಲ್ಲಿ ಡ್ರಮ್ಮಿಗೆ ಬೆಂಕಿ ಹಾಕಿ ಕಾಯುತ್ತಿದ್ದರು. ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು, ನೀರಿನ ಜಾಡಿ ಹಿಡಿದು, ಗಂಡನ ಪಕ್ಕದಲ್ಲಿ ನಿಂತಳು. ಭಾವಮೈದುನ ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡು ವಾರ್ಡ್ ಆಫೀಸರನ್ನು ಕರೆತಂದ. ಆಕೆ ಹೆಚ್ಚು ಮಾತಿನವರಲ್ಲ, ದಣಿದ ಮುಖ, ಕಂಕುಳಲ್ಲಿ ಫೈಲು.

"ಎಲ್ಲಿ, ತೆಗೀರಿ," ಎಂದರು.

ಟೈಂಕೀಪರರು ಹೊದಿಕೆ ತೆಗೆದರು.

ಬೀದಿಯೆಲ್ಲ ಕತ್ತು ಚಾಚಿತು. ಏಜೆಂಟು ನೊರೆಯ ಸಮೇತ ಬಾಗಿಲಿಗೆ ಬಂದ.

"ಅಣ್ಣಾ," ಎಂದ ಸಲೂನಿನವನು ಮೆಲ್ಲಗೆ, "ತಿರುವಿ ಹಿಡಿದಿದ್ದೀರಿ ಅನ್ಸತ್ತೆ."

ಟೈಂಕೀಪರರು ಹಾಳೆ ಬಿಚ್ಚಿ ತಿರುವಿ ತೋರಿಸಿದರು. ಆ ಕಡೆಯೂ ಬಿಳಿ.

ಆಗ ಮುಂದೆ ಬಂದವನು ಭಾವಮೈದುನ. ಅವನ ಮುಖ ಒಂದು ಕ್ಷಣ ಇಂಗು ತಿಂದ ಮಂಗನ ಹಾಗಿದ್ದದ್ದು ನಿಜ. ಆದರೆ ಕೆಟ್ಟುಹೋದ ಫಿಲ್ಟರುಗಳ ಪಕ್ಕದಲ್ಲಿ ನಿಂತು ಮಾತಾಡಿ ಅಭ್ಯಾಸವಿದ್ದವನು. "ಮೇಡಂ! ಇದೇ ಸಮಕಾಲೀನ ಕಲೆ! ಬೀದಿ ನಿಮ್ಮ ಮನಸ್ಸಲ್ಲಿ ಇರತ್ತೆ. ಹಾಳೆ ಮೇಲೆ ಮೌನ ಇರತ್ತೆ. ಹೊರದೇಶದಲ್ಲೆಲ್ಲ ಈಗ ಇದೇ!"

ಮೇಡಂ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

ಆಗ ಟೈಂಕೀಪರರು ಎಣಿಸದೇ ಇದ್ದದ್ದೊಂದು ನಡೆಯಿತು. ಮೇಲಿನಿಂದ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, "ಹೌದು, ಒಂದು ಆಳ ಇದೆ," ಎಂದರು. ಗಾಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಕುಂಬಳಕಾಯಿ ಸ್ವಲ್ಪ ತೆಳ್ಳಗೆ ಬಂದಿದೆ, ಆದ್ರೂ ಚೆನ್ನಾಗಿದೆ," ಎಂದಳು. ಸಲೂನಿನವನು, "ನನ್ನ ಕನ್ನಡಿ ಬಂದಿದೆ ಮೇಡಂ. ಅಲ್ನೋಡಿ, ಅಲ್ಲಿ, ಹೊಳೀತಿದೆ," ಎಂದು ಹಾಳೆಯ ಒಂದು ಮೂಲೆಗೆ ಬೆರಳು ತೋರಿಸಿದ. ಅವರಲ್ಲಿ ಒಬ್ಬರೂ ಟೈಂಕೀಪರರ ಕಡೆ ನೋಡಲಿಲ್ಲ. ಬಿದ್ದವನನ್ನು ಎತ್ತುವಾಗ ಮುಖ ನೋಡಬಾರದೆಂಬ ಮರ್ಯಾದೆ ಅವರಿಗೆ ಗೊತ್ತಿತ್ತು.

"ಗುಂಡಿ ಎಲ್ಲಿದೆ?" ಎಂದು ಮೇಡಂ ಕೇಳಿದರು.

"ಅದು ಸ್ವಲ್ಪ ಒಳಗಿದೆ ಮೇಡಂ," ಎಂದ ಭಾವಮೈದುನ.

ಟೈಂಕೀಪರರು ಬರೀ ತಲೆಯಾಡಿಸಿದ್ದರೆ ಸಾಕಿತ್ತು. ಹಗ್ಗ ಹರಿಯುತ್ತಿರಲಿಲ್ಲ, ಕೋಲು ಮುರಿಯುತ್ತಿರಲಿಲ್ಲ. ಬಿಳಿಯ ಹಾಳೆ ಕಚೇರಿಯ ಗೋಡೆ ಸೇರುತ್ತಿತ್ತು, ಹೆಂಡತಿ ಗಿರಾಕಿಗಳನ್ನೆಲ್ಲ ಕರೆದೊಯ್ದು ತೋರಿಸುತ್ತಿದ್ದಳು. ತಲೆ ಆಡಿಸಲು ಹೊರಟದ್ದೂ ಹೌದು. ಅಷ್ಟರಲ್ಲಿ ಮೂರನೇ ಮಹಡಿಯಲ್ಲಿ ಕೆಮ್ಮು ಶುರುವಾಯಿತು. ಒಂದು, ಎರಡು, ಆಮೇಲೆ ತಡೆಯಿಲ್ಲದೆ.

"ಇಲ್ಲ ಮೇಡಂ," ಎಂದರು ಟೈಂಕೀಪರರು. "ಇದು ಕಲೆ ಅಲ್ಲ. ಇದು ಹಾಳೆ."

"ಭಾವ!"

"ಸುಮ್ನಿರು. ಹತ್ತು ದಿನ ನೀರು ಹಚ್ಚಿದ್ದೀನಿ ಮೇಡಂ. ಬರೀ ನೀರು. ಬಣ್ಣ ಹಚ್ಚೋಕೆ ಧೈರ್ಯ ಬರ್ಲಿಲ್ಲ. ನಂಗೆ ಸೇಬು ಬರೆಯೋಕೆ ಬರತ್ತೆ. ಬಾಟಲಿ ಅರ್ಧ ಬರತ್ತೆ. ಇವರನ್ನೆಲ್ಲ ಸುಮ್ಸುಮ್ನೆ ನಿಲ್ಲಿಸಿಬಿಟ್ಟೆ. ತಪ್ಪಾಯ್ತು. ಎಲ್ರೂ ಒಳಗೆ ಹೋಗಿ. ಆ ಕಂಬಳಿ ತಗೊಳ್ಳಮ್ಮ," ಎಂದು ಮೇಲಕ್ಕೆ ಕೂಗಿದರು. "ಚಿತ್ರಾನೂ ಇಲ್ಲ, ಏನೂ ಇಲ್ಲ."

ಹೆಂಡತಿಯ ಕಡೆ ನೋಡುವ ಧೈರ್ಯ ಅವರಿಗಾಗಲಿಲ್ಲ. ಜಾಡಿಯ ನೀರು ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿತ್ತು.

"ಗೊತ್ತು," ಎಂದಿತು ಮೇಲಿನಿಂದ ಒಂದು ದನಿ.

ಬೀದಿ ಪೂರ್ತಿ ಮೇಲಕ್ಕೆ ನೋಡಿತು. ಕಂಬಳಿಯ ಪಕ್ಕದಲ್ಲಿ ಒಂದು ತಲೆ, ಕೊರಳಿಗೆ ಹಳೆಯ ಟವೆಲು ಸುತ್ತಿಕೊಂಡದ್ದು.

"ಏನು ಗೊತ್ತು?" ಎಂದ ಸಲೂನಿನವನು.

"ಮೇಲಿಂದ ಎಲ್ಲಾ ಕಾಣತ್ತಲ್ಲ." ನೀರಿನ ಬಣ್ಣಕ್ಕೆ ಹಲಗೆಯನ್ನು ಮಲಗಿಸಿಯೇ ಇಡಬೇಕು, ಎತ್ತಿ ನಿಲ್ಲಿಸಿದರೆ ಬಣ್ಣ ಇಳಿಯುತ್ತದೆ. ಅಕ್ಕಪಕ್ಕದವರಿಗೆ ಕಾಣದ, ಹೆಡ್‌ಮಾಸ್ಟರಿಗೆ ಅವರದೇ ಪೇಪರು ಅಡ್ಡವಾಗಿದ್ದ ಹಾಳೆ ಮೂರನೇ ಮಹಡಿಗೆ ಅಂಗೈಯಷ್ಟು ಸ್ಪಷ್ಟ. ಬೆನ್ನಿಗೆ ಗೋಡೆ ಕೊಟ್ಟವರು ಆಕಾಶದ ಕಡೆ ಯೋಚಿಸಿರಲಿಲ್ಲ. "ಮೊದಲ ದಿನದಿಂದ ನೋಡ್ತಿದ್ದೀನಿ. ಅಣ್ಣಾವ್ರು ಒದ್ದೆ ಮಾಡ್ತಾರೆ, ಒಣಗಿಸ್ತಾರೆ. ನಮ್ಮ ಬಟ್ಟೆ ಥರಾನೇ."

"ಗೊತ್ತಿದ್ದೂ ಕಂಬಳಿ ಯಾಕಮ್ಮ ತೆಗೀಲಿಲ್ಲ?" ಟೈಂಕೀಪರರು ಕತ್ತೆತ್ತಿ ಕೇಳಿದರು. "ಇಷ್ಟು ಚಳೀಲಿ?"

ಆಕೆಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿದಂತಿತ್ತು. "ಇವತ್ತು ಶುರು ಮಾಡ್ತಾರೇನೋ ಅಂತ," ಎಂದಳು. "ದಿನಾ ಅಂದ್ಕೊಳ್ತಿದ್ದೆ, ಇವತ್ತು ಮಾಡ್ತಾರೇನೋ ಅಂತ."

ಸಲೂನಿನವನು ಕೈಯಲ್ಲಿದ್ದ ಕತ್ತರಿಯನ್ನು ಜೇಬಿಗೆ ಹಾಕಿಕೊಂಡ.

ಹೆಂಡತಿ ಜಾಡಿಯನ್ನು ಕೆಳಗಿಟ್ಟಳು. ಮುಖ ಕೆಂಪಾಗಿತ್ತು. "ಹದಿನಾಲ್ಕು ಗಿರಾಕಿಗಳಿಗೆ ಹೇಳಿದ್ದೀನಿ," ಎಂದಳು, ಹಲ್ಲಿನ ನಡುವೆ. "ಹದಿನಾಲ್ಕು! ಇನ್ನು ಅವರ ಮುಖ ಹೇಗೆ ನೋಡ್ಲಿ? ಅದಿರ್ಲಿ, ಮನೇಲಿ ಮಾತಾಡೋಣ. ಈಗ ನಂಗೊಂದು ಹೇಳಿ. ದಿನಾ ಬೆಳಿಗ್ಗೆ ನಾನು ಪರರ ಬಟ್ಟೆಗೆ ಕತ್ತರಿ ಹಾಕ್ತೀನಿ. ಒಂದ್ಸಲ ಹಾಕಿದ ಮೇಲೆ ಬಟ್ಟೆ ವಾಪಸ್ ಕೂಡಿಕೊಳ್ಳತ್ತಾ? ನಂಗೆ ಭಯ ಆಗಲ್ಲ ಅಂದ್ಕೊಂಡ್ರಾ? ಇವತ್ತಿಗೂ ಆಗತ್ತೆ. ಉಸಿರು ಹಿಡ್ಕೊಂಡು ಹಾಕ್ತೀನಿ." ಚೀಲದ ಜೇಬಿನಿಂದ ದಪ್ಪ ಕುಂಚ ತೆಗೆದು ಅವರ ಕೈಗೆ ತುರುಕಿದಳು. "ಹಿಡ್ಕೊಳ್ಳಿ ಉಸಿರು."

ಟೈಂಕೀಪರರು ಹಿಡಿದರು. ತೆಳು ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ ಎಂಬುದೂ ಟೀಚರ ನಿಯಮವೇ. ಆ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಕುಂಚದ ತುಂಬ ಕೆಂಪು ಹೀರಿಸಿ, ಬಿಳಿಯ ಹಾಳೆಯ ಮೇಲ್ಭಾಗಕ್ಕೆ ಒತ್ತಿ ಎಳೆದರು. ಓರೆಯಾಯಿತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಂಬಳಿಯೆಂದರೆ ಕಂಬಳಿ, ಇಲ್ಲವೆಂದರೆ ಇಲ್ಲ.

"ಹಾಕಾಯ್ತಾ ಅಣ್ಣಾ?" ಎಂದಿತು ಮೇಲಿನ ದನಿ.

"ಹಾಕಾಯ್ತಮ್ಮ."

"ಹಾಗಾದ್ರೆ ತಗೊಳ್ತೀನಿ."

ಆಕೆ ಕಂಬಳಿಯನ್ನು ಎಳೆದು, ಅಲ್ಲೇ ನಿಂತು ತಲೆಯ ಮೇಲಿಂದ ಸುತ್ತಿಕೊಂಡಳು. ತಂತಿ ಒಮ್ಮೆ ಜೀಕಿ ನಿಂತಿತು. ಅಷ್ಟೇ, ಬೀದಿಗೆ ಕಟ್ಟಿದ್ದ ದಾರವನ್ನು ಯಾರೋ ಬಿಚ್ಚಿದಂತಾಯಿತು. ಹೆಡ್‌ಮಾಸ್ಟರು ಪೇಪರನ್ನು ಚೂರುಚೂರು ಮಾಡಿ ಮೈಮುರಿದರು. ಏಜೆಂಟು ಅರ್ಧ ಗಡ್ಡದಲ್ಲೇ ಮೇಡಂಗೆ ಒಂದು ಪಾಲಿಸಿ ವಿವರಿಸತೊಡಗಿದ. ಟಾರಿನವರು ಡ್ರಮ್ಮು ಉರುಳಿಸಿಕೊಂಡು ಬಂದರು. ಗುಂಡಿಯ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲುವಾಗ ಸಲೂನಿನವನು ಮುಖ ಆ ಕಡೆ ತಿರುಗಿಸಿಕೊಂಡ. ಹೊಗೆ, ಬೈಗುಳ, ಗಾಡಿಯ ಚಕ್ರದ ಕಿರುಗುಟ್ಟುವಿಕೆ.

ಈಗ ಟೈಂಕೀಪರರ ಕಡೆ ನೋಡುವವರು ಒಬ್ಬರೂ ಇರಲಿಲ್ಲ. ಅವರು ಬರೆಯುತ್ತಿದ್ದರು. ಯಾವುದೂ ನಿಲ್ಲುತ್ತಿರಲಿಲ್ಲವಾದ್ದರಿಂದ ಯಾವುದನ್ನೂ ಸರಿಯಾಗಿ ಬರೆಯುವ ಪ್ರಶ್ನೆಯೇ ಇರಲಿಲ್ಲ. ಹೊಗೆಗೆ ಒಂದು ಬೂದು ಎಳೆತ, ಓಡಾಡುವ ಮನುಷ್ಯರಿಗೆ ಒಂದೊಂದು ಚುಕ್ಕೆ, ಕೆಳಗೊಂದು ಗೀರು. ಮೂರನೆಯ ಕುಂಬಳಕಾಯಿಗೆ ಹಳದಿ ಕಲಸುವಷ್ಟರಲ್ಲಿ ಗಾಡಿಯಾಕೆ ಅದನ್ನು ಮಾರಿಬಿಟ್ಟಿದ್ದಳು. ಎರಡೇ ಬರೆದರು.

ಮೇಡಂ ಹೊರಡುವ ಮುನ್ನ ಬಂದು ಬಗ್ಗಿ ನೋಡಿದರು. "ಚೆನ್ನಾಗಿದೆ ಅಂತ ಹೇಳಲ್ಲ," ಎಂದರು. ಇನ್ನೂ ಸ್ವಲ್ಪ ಹೊತ್ತು ನೋಡಿ, "ಒಣಗಲಿ. ಸೋಮವಾರ ಗೋಡೆಗೆ ಮೊಳೆ ಹೊಡೆಸ್ತೀನಿ," ಎಂದು ಫೈಲು ಎತ್ತಿಕೊಂಡು ಹೋದರು.

"ಕಾಣ್ತಿಲ್ಲ!" ಎಂದು ಮೂರನೇ ಮಹಡಿಯಿಂದ ಕಂಬಳಿ ಕೂಗಿತು. "ಟಾರಿನ ಹೊಗೆ ಅಡ್ಡ ಬರ್ತಿದೆ. ನಂದು ಹೇಗೆ ಬಂದಿದೆ ಅಣ್ಣಾ?"

ಟೈಂಕೀಪರರು ಎದ್ದು ನಿಂತು, ಹೊಗೆಯಿಂದ ಆಚೆ ನಡು ಬೀದಿಗೆ ಬಂದು, ಹಲಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದರು. ಒದ್ದೆ ಕೆಂಪು ಒಂದು ಕ್ಷಣ ಯೋಚಿಸಿ, ಕೆಳಗಿನ ಸಲೂನಿನ ಮೇಲೆ, ಗಾಡಿಯ ಮೇಲೆ, ಅಷ್ಟೂ ಜನರ ಮೇಲೆ ಉದ್ದಕ್ಕೆ ಹರಿಯತೊಡಗಿತು.

"ರೀ, ರೀ! ಬಣ್ಣ ಇಳೀತಿದೆ!" ಎಂದು ಹೆಂಡತಿ ಕಿರುಚಿದಳು.

"ಇಳೀಲಿ ಬಿಡೇ," ಎಂದರು ಟೈಂಕೀಪರರು, ಹಲಗೆಯನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿದು. "ಮೊದಲು ಅವಳು ನೋಡ್ಲಿ."